ವಿವಿ ಸಾಗರದಲ್ಲಿ ಅಂತರರಾಷ್ಟ್ರೀಯ ಈಜು ಚಾಂಪಿಯನ್‌ಶಿಪ್: ಆತಿಥ್ಯಕ್ಕೆ ಸಿದ್ಧವಾಗುವುದು ಹೇಗೆ?

ಅಂತರರಾಷ್ಟ್ರೀಯ ಜಲಕ್ರೀಡಾಕೂಟ ಎಂದ ಕೂಡಲೇ ನಮ್ಮ ಕಡೆಯ ಸಭೆಗಳಲ್ಲಿ ಮೊದಲು ಏಳುವುದು ಕೊಳದ ಮಾತು. ಐವತ್ತು ಮೀಟರಿನ ಕೊಳ ಆಗಲಿ, ಗ್ಯಾಲರಿ ಆಗಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಆ ‘ಆಮೇಲೆ’ ಯಾವತ್ತೂ ಬರುವುದಿಲ್ಲ. ವಿಶ್ವಮಟ್ಟದ ಕೊಳವೆಂದರೆ ತಲಾ 2.5 ಮೀಟರ್ ಅಗಲದ ಹತ್ತು ಲೇನ್, 25ರಿಂದ 28 ಡಿಗ್ರಿಯೊಳಗೆ ಹಿಡಿದಿಟ್ಟ ನೀರು, ಎರಡೂ ತುದಿಗೆ ಮುಟ್ಟಿದ ಕ್ಷಣ ದಾಖಲಿಸುವ ಟಚ್ ಪ್ಯಾಡ್. ಉದ್ದ ಚೂರು ಹೆಚ್ಚಿದ್ದರೆ ಸಹಿಸುತ್ತಾರೆ. ಒಂದು ಮಿಲಿಮೀಟರ್ ಕಡಿಮೆಯಿದ್ದರೂ ಒಪ್ಪುವುದಿಲ್ಲ. ಡೈವಿಂಗ್‌ಗೆ ಬೇರೆ ಕೊಳ, ಅಭ್ಯಾಸಕ್ಕೆ ಮತ್ತೊಂದು. 2019ರಲ್ಲಿ ಏಷ್ಯಾದ ವಯೋಮಾನ ಚಾಂಪಿಯನ್‌ಶಿಪ್ ನಡೆಸಿದ್ದು ಬೆಂಗಳೂರು, 2025ರಲ್ಲಿ ಏಷ್ಯನ್ ಅಕ್ವಾಟಿಕ್ಸ್ ಚಾಂಪಿಯನ್‌ಶಿಪ್ ನಡೆಸಿದ್ದು ಅಹಮದಾಬಾದ್. ಅವುಗಳ ಜೊತೆ ಚಿತ್ರದುರ್ಗವಾಗಲಿ ದಾವಣಗೆರೆಯಾಗಲಿ ಕೊಳದ ಪೈಪೋಟಿಗೆ ಇಳಿಯುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿರುವುದು ಬೇರೆ. ಹಿರಿಯೂರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮೂವತ್ತು ಟಿಎಂಸಿ ಸಾಮರ್ಥ್ಯದ ವಾಣಿ ವಿಲಾಸ ಸಾಗರ (ವಿವಿ ಸಾಗರ) ಜಲಾಶಯವಿದೆ. ಕೆರೆ, ನದಿ, ಸಮುದ್ರಗಳಲ್ಲಿ ನಡೆಯುವ ಓಪನ್ ವಾಟರ್ ಈಜಿಗೆ ಗೋಡೆಯೂ ಬೇಡ, ಲೇನೂ ಬೇಡ. ಇದು 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಹತ್ತು ಕಿಲೋಮೀಟರ್ ಸ್ಪರ್ಧೆಯಾಗಿ ಒಲಿಂಪಿಕ್ಸ್‌ನಲ್ಲೂ ಇದೆ. ಜಿಲ್ಲಾ ಮಟ್ಟದ ಈಜು ಸಂಸ್ಥೆಯೊಂದು ಎರಡು ವರ್ಷ ಮೊದಲೇ ಹೊರಟರೆ ಇಂಥ ಕೂಟಕ್ಕೆ ಆತಿಥ್ಯ ವಹಿಸಲು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾವ ಕೂಟ, ಯಾರ ಬಾಗಿಲು

ವರ್ಲ್ಡ್ ಅಕ್ವಾಟಿಕ್ಸ್ (1908ರಲ್ಲಿ ಫಿನಾ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ) ಆರು ಕ್ರೀಡೆಗಳನ್ನು ನೋಡಿಕೊಳ್ಳುತ್ತದೆ: ಕೊಳದ ಈಜು, ಓಪನ್ ವಾಟರ್ ಈಜು, ಡೈವಿಂಗ್, ಹೈ ಡೈವಿಂಗ್, ವಾಟರ್ ಪೋಲೊ, ಆರ್ಟಿಸ್ಟಿಕ್ ಈಜು. ಕಯಾಕ್, ಕ್ಯಾನೊ, ದೋಣಿ ಸ್ಪರ್ಧೆಗಳು ಅದರ ಅಡಿಯಲ್ಲಿಲ್ಲ. ಅವುಗಳಿಗೆ ಪ್ರತ್ಯೇಕ ಒಕ್ಕೂಟಗಳಿವೆ. ‘ಎಲ್ಲವನ್ನೂ ಒಂದೇ ಸಲ ಮಾಡಿಬಿಡೋಣ’ ಎಂಬ ಉತ್ಸಾಹಿಗಳು ಪ್ರತಿ ಸಮಿತಿಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಮೆರವಣಿಗೆಯ ಉಸ್ತುವಾರಿ ಕೊಡಿ.

ಜಿಲ್ಲಾ ಸಂಸ್ಥೆ ನೇರವಾಗಿ ವಿದೇಶಕ್ಕೆ ಪತ್ರ ಬರೆದು ಕೂಟ ಕೇಳುವಂತಿಲ್ಲ. ಕರ್ನಾಟಕ ಈಜು ಸಂಸ್ಥೆ, ಅಲ್ಲಿಂದ ಭಾರತೀಯ ಈಜು ಫೆಡರೇಷನ್, ಅಲ್ಲಿಂದ ಏಷ್ಯಾ ಅಥವಾ ವಿಶ್ವ ಸಂಸ್ಥೆ, ಇದೇ ದಾರಿ. ಫೆಡರೇಷನ್ನಿನ ಮೊದಲ ಪ್ರಶ್ನೆ, ನೀವು ಈವರೆಗೆ ಏನು ನಡೆಸಿದ್ದೀರಿ ಎಂಬುದು. ಆದ್ದರಿಂದ ಮೊದಲ ವರ್ಷ ಅದೇ ನೀರಿನಲ್ಲಿ, ಅದೇ ತಿಂಗಳಲ್ಲಿ, ಅದೇ ಪಥದಲ್ಲಿ ಒಂದು ರಾಜ್ಯಮಟ್ಟದ ಅಥವಾ ರಾಷ್ಟ್ರಮಟ್ಟದ ಕೂಟ ನಡೆಸಿ ತೋರಿಸಿ. ಎರಡನೆಯ ವರ್ಷ ಕೆಲವು ದೇಶಗಳನ್ನು ಆಹ್ವಾನಿಸುವ ಕೂಟವನ್ನೋ ವಯೋಮಾನದ ಕೂಟವನ್ನೋ ಕೇಳಿ.

ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯನ್ನು ನೋಡಿ. ಭಾಗೀರಥಿ ನದಿಯಲ್ಲಿ ಜಂಗೀಪುರದ ಕಡೆಯಿಂದ ಬಹರಾಂಪುರದವರೆಗೆ 81 ಕಿಲೋಮೀಟರ್ ಈಜಿನ ಸ್ಪರ್ಧೆಯನ್ನು ನಡೆಸಿಕೊಂಡು ಬಂದಿರುವುದು ಒಂದು ಜಿಲ್ಲಾ ಈಜು ಸಂಸ್ಥೆ. ಹೊರದೇಶದ ಈಜುಗಾರರೂ ಅಲ್ಲಿಗೆ ಬಂದು ಈಜಿದ್ದಾರೆ. ಮಹಾನಗರವಿಲ್ಲದೆ ನಡೆಯುವುದಿಲ್ಲ ಎನ್ನುವವರ ಮುಂದೆ ಈ ಹೆಸರು ಇಡಿ.

ಎರಡನೆಯದು: ನೀರನ್ನು ಆರಿಸಿಕೊಳ್ಳುವುದು

ಮೂರು ಆಯ್ಕೆಗಳು ಎದುರಿಗಿವೆ. ಹರಿಹರದ ತುಂಗಭದ್ರೆಯನ್ನು ಮೊದಲೇ ಬಿಡಿ. ನಿಯಮ ಕೇಳುವುದು ಅಲ್ಪಸ್ವಲ್ಪ ಸೆಳೆತ ಮಾತ್ರವಿರುವ ನೀರನ್ನು. ನದಿ ಮಳೆಗಾಲದಲ್ಲಿ ಉಕ್ಕುತ್ತದೆ, ಬೇಸಿಗೆಯಲ್ಲಿ ಬಂಡೆ ತೋರಿಸುತ್ತದೆ.

ದಾವಣಗೆರೆಯವರು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಪಕ್ಷ ಹಿಡಿಯುತ್ತಾರೆ. ಶಾಂತಿಸಾಗರವೆಂಬ ಹೆಸರೂ ಅದಕ್ಕಿದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಹಾಕಿ ಅಷ್ಟು ನೀರು ನಿಲ್ಲಿಸಿದ ಹಿಂದಿನವರ ಜಾಣ್ಮೆಗೆ ತಲೆಬಾಗಲೇಬೇಕು. ಆದರೆ ಹೂಳು ತುಂಬಿ ಅಂಚುಗಳಲ್ಲಿ ಆಳ ಕಡಿಮೆಯಾಗಿದೆ, ಜಲಸಸ್ಯಗಳೂ ಇವೆ. ಪಥದ ಯಾವ ಬಿಂದುವಿನಲ್ಲೂ ನೀರಿನ ಆಳ 1.40 ಮೀಟರಿಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಸೂಳೆಕೆರೆಯಲ್ಲಿ ಅದನ್ನು ಪಾಲಿಸುವುದು ಅಸಾಧ್ಯವೇನಲ್ಲ, ಆದರೆ ಪಥ ಎಳೆಯುವವರಿಗೆ ಕೈಕಟ್ಟಿ ಹಾಕಿದಂತಾಗುತ್ತದೆ. ಅಭ್ಯಾಸ ಶಿಬಿರಕ್ಕೆ, ಮಕ್ಕಳ ಒಂದು ಕಿಲೋಮೀಟರ್ ಸ್ಪರ್ಧೆಗೆ ಅದು ಚೆನ್ನ.

ನನ್ನ ಮತ ವಾಣಿ ವಿಲಾಸ ಸಾಗರಕ್ಕೆ. ನಮ್ಮ ಹಿರಿಯರ ಬಾಯಲ್ಲಿ ಅದು ಮಾರಿ ಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಕಲ್ಲಿನ ಅಣೆಕಟ್ಟು. ಪೂರ್ಣ ಮಟ್ಟ 130 ಅಡಿ. ಕಟ್ಟಿದ ಮೇಲೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮುಂದಿನ ಕೋಡಿಗೆ 2022ರವರೆಗೆ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರತೊಡಗಿದ ಮೇಲೆ ಜಲಾಶಯದ ಲೆಕ್ಕಾಚಾರವೇ ಬದಲಾಗಿದೆ. ಹತ್ತು ವರ್ಷ ಹಿಂದೆ ಯಾರಾದರೂ ಇಲ್ಲಿ ಈಜುಕೂಟ ಎಂದಿದ್ದರೆ ನಗುತ್ತಿದ್ದೆವು.

ಇನ್ನೊಂದು ಅನುಕೂಲ ದಾರಿಯದು. ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಬರುವವರಿಗೆ ಹಿರಿಯೂರು ಮೂರು, ಹೆಚ್ಚೆಂದರೆ ನಾಲ್ಕು ಗಂಟೆಯ ಹಾದಿ. ದಾವಣಗೆರೆ ಅಲ್ಲಿಂದ ಇನ್ನೂ ನೂರು ಕಿಲೋಮೀಟರ್ ಮುಂದೆ.

ಮೂರನೆಯದು: ತಿಂಗಳು

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಯಾರೂ ಅಲಂಕಾರಕ್ಕೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಬೀಸುವ ಗಾಳಿ ವಿಶಾಲ ಜಲಾಶಯದ ಮೇಲೆ ಅಲೆ ಎಬ್ಬಿಸುತ್ತದೆ, ಪಥ ಗುರುತಿಸುವ ತೇಲುಬುರುಡೆಗಳಾದ ಬಾಯ್‌ಗಳನ್ನು ಜರುಗಿಸುತ್ತದೆ, ಸಣ್ಣ ದೋಣಿಗಳನ್ನು ಅಡ್ಡ ತಿರುಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರಿನ ಗುಡುಗು ಸಿಡಿಲು. ನೀರಿನಲ್ಲಿ ಜನರಿರುವಾಗ ಸಿಡಿಲಿಗಿಂತ ಕೆಟ್ಟದ್ದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮೇಲ್ನೀರು ಬಿಸಿಯೇರುತ್ತದೆ, ಸಂಜೆ ಅಡ್ಡಮಳೆ. ಉಳಿಯುವುದು ಡಿಸೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ಅರ್ಧದವರೆಗಿನ ಅವಧಿ. ಆಗ ಜಲಾಶಯದಲ್ಲಿ ಮಳೆಗಾಲದ ನೀರಿರುತ್ತದೆ, ಬೆಳಗಿನ ಹೊತ್ತು ಗಾಳಿ ತಗ್ಗಿರುತ್ತದೆ. ಬೆಳಗಿನ ಮಂಜನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ದಿನ ಗೊತ್ತುಮಾಡುವ ಮೊದಲು ಎರಡು ವಿಚಾರ. ಸಂಕ್ರಾಂತಿಯಂಥ ರಜೆಗಳಲ್ಲಿ ಅಣೆಕಟ್ಟೆಗೆ ಪ್ರವಾಸಿಗರ ಸಂದಣಿ ಇರುತ್ತದೆ. ಕಣಿವೆ ಮಾರಮ್ಮನ ಸನ್ನಿಧಿಗೂ ಭಕ್ತರು ಬರುತ್ತಾರೆ. ಸುತ್ತಲಿನ ಊರುಗಳ ತೇರು, ಜಾತ್ರೆಗಳ ದಿನಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎರಡನೆಯದು, ನಾಲೆಗೆ ನೀರು ಬಿಡುವ ದಿನಗಳನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಸ್ಪರ್ಧೆಯ ದಿನಾಂಕ ಆ ಸಭೆಯ ಟಿಪ್ಪಣಿಯಲ್ಲಿ ಸೇರಲಿ. ಆದರೆ ರೈತರ ಸರದಿ ಮುಂದೂಡಿ ಎಂದು ಕೇಳಬೇಡಿ. ಹಿರಿಯೂರಿನ ಅಚ್ಚುಕಟ್ಟಿನವರು ಬರದ ವರ್ಷಗಳನ್ನು ಮರೆತಿಲ್ಲ. ನೀರಿನ ಮಟ್ಟ ಇಳಿದರೆ ಅದರೊಂದಿಗೇ ಇಳಿಯುವ ತೇಲುವ ಕಟ್ಟೆಯನ್ನು ಬಳಸಿದರೆ ಆಯಿತು.

ನಾಲ್ಕನೆಯದು: ನೀರಿನ ಪರೀಕ್ಷೆ

ಸ್ಥಳೀಯ ಆರೋಗ್ಯ ಹಾಗೂ ಸುರಕ್ಷತಾ ಪ್ರಾಧಿಕಾರದಿಂದ ಈ ನೀರು ಯೋಗ್ಯ ಎಂಬ ಪ್ರಮಾಣಪತ್ರ ಬೇಕೇ ಬೇಕು. ನೀರು ಶುದ್ಧವಿರುವುದಕ್ಕೂ ಸ್ಥಳ ಸುರಕ್ಷಿತವಾಗಿರುವುದಕ್ಕೂ ಅದು ಸಾಕ್ಷಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಯೋಗ್ಯ ನೀರಿನ ಅಳತೆಗಳಿವೆ: 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ಮೀರಬಾರದು, ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ, ಬಿಒಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಒಳಗೆ. ಅಂತರರಾಷ್ಟ್ರೀಯ ಕೂಟಕ್ಕೆ ಇ. ಕೋಲಿ ಮತ್ತು ಎಂಟೆರೊಕಾಕಸ್ ಬ್ಯಾಕ್ಟೀರಿಯಾಗಳ ಪ್ರತ್ಯೇಕ ಎಣಿಕೆಯನ್ನೂ ಕೇಳುತ್ತಾರೆ. ನೀಲಿಹಸಿರು ಪಾಚಿ ಕಂಡರೆ ಅದರ ಪರೀಕ್ಷೆಯೂ ಸೇರಲಿ.

ಒಂದೇ ದಿನ ಒಂದೇ ಬಾಟಲಿ ತುಂಬಿ ಕಳುಹಿಸಿ ಕೈತೊಳೆದುಕೊಳ್ಳಬೇಡಿ. ವರ್ಷವಿಡೀ, ತಿಂಗಳಿಗೊಮ್ಮೆ, ಪಥದ ಮೂರು ನಾಲ್ಕು ಕಡೆಯಿಂದ ಮಾದರಿ ತೆಗೆಯಿರಿ. ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆ. ಜೋರು ಮಳೆಯ ಮರುದಿನದ ಮಾದರಿಯೇ ನಿಜ ಹೇಳುವುದು. ಪ್ಯಾರಿಸ್ ನಗರ ಸೇನ್ ನದಿಯನ್ನು ಈಜುಯೋಗ್ಯ ಮಾಡಲು ಸುಮಾರು 140 ಕೋಟಿ ಯೂರೊ ಸುರಿಯಿತು. ಆದರೂ 2024ರ ಒಲಿಂಪಿಕ್ಸ್ ಉದ್ಘಾಟನೆಯ ಹೊತ್ತಿಗೆ ಮಳೆ ಬಂದು, ನೀರು ಕೆಟ್ಟು, ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು. ನಮ್ಮಲ್ಲಿ ಚರಂಡಿಯ ಹೊರೆ ಅಷ್ಟಿಲ್ಲ. ಹೊಲಗಳಿಂದ ಹರಿದುಬರುವ ಗೊಬ್ಬರ, ಔಷಧಿ, ದಡದ ಬಟ್ಟೆ ತೊಳೆಯುವಿಕೆ, ದನಕರುಗಳು ಇದ್ದೇ ಇವೆ.

ಜೊತೆಗೆ ಇದು ಕುಡಿಯುವ ನೀರು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ನಲ್ಲಿಗಳಿಗೆ ಇಲ್ಲಿಂದಲೇ ಹೋಗುತ್ತದೆ. ಹಳೆಯ ಎಂಜಿನ್ನಿನ ಎಣ್ಣೆ ಸೋರುವ ದೋಣಿಗಳನ್ನು ಇಳಿಸಬೇಡಿ. ಬ್ಯಾಟರಿ ದೋಣಿ, ಕಯಾಕ್ ಹೆಚ್ಚಿರಲಿ. ವೇಗದ ರಕ್ಷಣಾ ದೋಣಿಗಳಿಗಷ್ಟೇ ಪೆಟ್ರೋಲ್ ಎಂಜಿನ್. ಇಂಧನ ತುಂಬುವುದು ದಡದಿಂದ ದೂರದಲ್ಲಿ, ಕೆಳಗೆ ತಟ್ಟೆಯಿಟ್ಟು.

ಐದನೆಯದು: ಅನುಮತಿಗಳು

ಇದು ಸಹನೆಯ ಕೆಲಸ. ಅಂತರರಾಷ್ಟ್ರೀಯ ಕೂಟಕ್ಕೆ ಫೆಡರೇಷನ್ ಮೂಲಕ ಕೇಂದ್ರ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ಒಪ್ಪಿಗೆ ಬೇಕು. ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಅನುಮತಿಯೂ ಇದರೊಂದಿಗೆ ಬರುತ್ತದೆ. ಅದು ಕೈಗೆ ಬರುವವರೆಗೆ ತಂಡಗಳಿಗೆ ಅಧಿಕೃತ ಆಹ್ವಾನ ಕಳುಹಿಸಬೇಡಿ, ಏಕೆಂದರೆ ವೀಸಾ ಅರ್ಜಿಗೆ ಅವರು ಲಗತ್ತಿಸುವುದು ನಿಮ್ಮ ಆಹ್ವಾನ ಪತ್ರವನ್ನೇ.

ಜಿಲ್ಲೆಯೊಳಗೆ ಜಲಾಶಯ ನೋಡಿಕೊಳ್ಳುವ ನೀರಾವರಿ ನಿಗಮ, ಜಿಲ್ಲಾಧಿಕಾರಿ, ಪೊಲೀಸ್, ಅಗ್ನಿಶಾಮಕ, ಆರೋಗ್ಯ, ಮೀನುಗಾರಿಕೆ, ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ. ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಬಂದ ಮೇಲೆ ದೊಡ್ಡ ಅಣೆಕಟ್ಟುಗಳ ಬಳಿ ಜನ ಸೇರಿಸುವುದಕ್ಕೆ ಎಂಜಿನಿಯರುಗಳು ಹಿಂದೆಮುಂದೆ ನೋಡುತ್ತಾರೆ, ಅದು ತಪ್ಪಲ್ಲ. ತೂಬಿನಿಂದ, ಕುಡಿಯುವ ನೀರು ಎತ್ತುವ ಬಾವಿಯಿಂದ (ಜಾಕ್‌ವೆಲ್) ಪಥವನ್ನು ದೂರ ಒಯ್ದಿದ್ದೇವೆ ಎಂದು ನಕ್ಷೆ ಸಮೇತ ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

ಮರೆತುಹೋಗುವ ಕೆಲವು ಸಂಗತಿಗಳಿವೆ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಲಾಡ್ಜ್ ಮಾಲೀಕರು ಅವರ ವಿವರದ ಫಾರ್ಮ್ (ಫಾರ್ಮ್ ಸಿ ಎಂದೇ ರೂಢಿ) ತುಂಬಿ ಕಳುಹಿಸಬೇಕು. ಹಿರಿಯೂರಿನ ಎಷ್ಟೋ ಲಾಡ್ಜ್‌ಗಳಿಗೆ ಆ ಅಭ್ಯಾಸವಿರಲಿಕ್ಕಿಲ್ಲ. ಪೊಲೀಸರನ್ನೇ ಕರೆಸಿ ಒಂದು ಮಧ್ಯಾಹ್ನ ತರಬೇತಿ ಕೊಡಿಸಿ. ಉಪಗ್ರಹ ಫೋನ್ ಮತ್ತು ಉಪಗ್ರಹ ಸಂದೇಶ ಸಾಧನಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ದೂರದ ಈಜುಗಾರರು ಅಂಥವನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಆಹ್ವಾನ ಪತ್ರದಲ್ಲೇ ದಪ್ಪಕ್ಷರದಲ್ಲಿ ಎಚ್ಚರಿಸಿ, ಇಲ್ಲದಿದ್ದರೆ ಈಜಬೇಕಾದವರು ವಿಮಾನ ನಿಲ್ದಾಣದ ಪೊಲೀಸ್ ಠಾಣೆಯಲ್ಲಿ ಕುಳಿತಿರುತ್ತಾರೆ. ವಾಕಿಟಾಕಿಗೆ ಪರವಾನಗಿ, ಡ್ರೋನ್‌ಗೆ ಬೇರೆ ಅನುಮತಿ. ಹೊರಗಿನಿಂದ ತಾತ್ಕಾಲಿಕವಾಗಿ ಬರುವ ಟೈಮಿಂಗ್ ಯಂತ್ರಗಳಿಗೆ ಎಟಿಎ ಕಾರ್ನೆಟ್ ಎಂಬ ದಾಖಲೆ ಇದ್ದರೆ ಸುಂಕದ ಗೊಡವೆ ತಪ್ಪುತ್ತದೆ. ಭಾರತದಲ್ಲಿ ಅದರ ಹೊಣೆ ವಾಣಿಜ್ಯೋದ್ಯಮಗಳ ಒಕ್ಕೂಟವಾದ ಫಿಕ್ಕಿಯದು (ಎಫ್ಐಸಿಸಿಐ).

ಆರನೆಯದು: ಪಥ

ಹತ್ತು ಕಿಲೋಮೀಟರ್ ಎಂದರೆ ಒಂದೇ ಉದ್ದ ಗೆರೆಯಲ್ಲ. ಎರಡು ಕಿಲೋಮೀಟರಿನ ಐದು ಸುತ್ತು ಅಥವಾ ಎರಡೂವರೆ ಕಿಲೋಮೀಟರಿನ ನಾಲ್ಕು ಸುತ್ತು. ಸುತ್ತು ಚಿಕ್ಕದಾದಷ್ಟೂ ರಕ್ಷಣಾ ದೋಣಿಗಳು ಹತ್ತಿರ, ದಡದಲ್ಲಿ ಕುಳಿತವರಿಗೂ ಏನೋ ಕಾಣುತ್ತದೆ.

ಮೊದಲು ಜಲಾಶಯದ ತಳದ ಸಮೀಕ್ಷೆ ಮಾಡಿಸಿ; ಹತ್ತಿರದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದವರು ಇಂಥ ಕೆಲಸಕ್ಕೆ ಒಲಿಯುತ್ತಾರೆ. ದಶಕಗಟ್ಟಲೆ ಒಣಗಿದ್ದ ಹಿನ್ನೀರಿನ ನೆಲದಲ್ಲಿ ಬೆಳೆದ ಜಾಲಿ, ಹೊಲದ ಬದು, ಬೇಲಿಯ ತಂತಿ, ಹಳೆಯ ಬಾವಿಯ ಕಟ್ಟೆ ಎಲ್ಲವೂ ಈಗ ನೀರಿನಡಿ ಇರಬಹುದು. ಯಂತ್ರ ತೋರಿಸದ್ದನ್ನು ತೆಪ್ಪದ ಮೀನುಗಾರರು ತೋರಿಸುತ್ತಾರೆ. ಎಲ್ಲಿ ಬಲೆ ಸಿಕ್ಕಿ ಹರಿಯುತ್ತದೆ ಎಂದು ಕೇಳಿ: ಅಲ್ಲೇ ಮುಳುಗಿದ ಮರವಿರುತ್ತದೆ. ಅವರ ಬಲೆಗಳೇ ದೊಡ್ಡ ಅಪಾಯ ಕೂಡ. ನೀರಿನಡಿ ಕಣ್ಣಿಗೆ ಕಾಣದಂತೆ ನಿಂತ ಬಲೆಗೆ ಕೈಕಾಲು ಸಿಕ್ಕರೆ ಎಂಥ ಈಜುಗಾರನೂ ಪಾರಾಗುವುದು ಕಷ್ಟ. ಆದ್ದರಿಂದ ಅಭ್ಯಾಸದ ದಿನಗಳೂ ಸೇರಿ ಪೂರ್ತಿ ಅವಧಿಗೆ ಆ ಭಾಗದ ಬಲೆಗಳನ್ನು ಎತ್ತಿಸಬೇಕು. ಆ ದಿನಗಳ ದುಡಿಮೆಯನ್ನು ಗುತ್ತಿಗೆದಾರನ ಕೈಗೆ ಕೊಟ್ಟು ಸುಮ್ಮನಾಗದೆ, ಬಲೆ ಬೀಸುವವರ ಕೈಗೇ ಮುಟ್ಟಿಸಿ. ಕೂಲಿ ಕೊಡದೆ ‘ಊರಿನ ಹೆಮ್ಮೆ’ ಎಂದು ಭಾಷಣ ಮಾಡಿದರೆ ರಾತ್ರಿ ಬಲೆ ಮತ್ತೆ ಇಳಿಯುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಬಾಯ್‌ಗಳು ಎತ್ತರವಾಗಿ, ಎದ್ದು ಕಾಣುವ ಬಣ್ಣದಲ್ಲಿರಲಿ. ತಿರುವಿನ ಬಾಯ್ ಒಂದು ಬಣ್ಣ, ದಾರಿ ತೋರುವುದು ಇನ್ನೊಂದು. ಒಂದೇ ಲಂಗರಿಗೆ ಉದ್ದ ಹಗ್ಗ ಕಟ್ಟಿದರೆ ಬಾಯ್ ಗಾಳಿಗೆ ಮೇಯಲು ಬಿಟ್ಟ ದನದ ಹಾಗೆ ಅಲೆದಾಡುತ್ತದೆ; ಎರಡು ಮೂರು ದಿಕ್ಕಿಗೆ ಲಂಗರು ಹಾಕಿ ಬಿಗಿಯಿರಿ. ಹಗ್ಗಗಳು ನೇರವಾಗಿ ಕೆಳಗಿಳಿಯಬೇಕು, ಈಜುವವರ ದಾರಿಗೆ ಅಡ್ಡ ಬರಬಾರದು. ಇನ್ನೊಂದು ಮಾತು: ಬೆಳಗಿನ ಸ್ಪರ್ಧೆಯಲ್ಲಿ ಕೊನೆಯ ಓಟ ಪೂರ್ವಕ್ಕೆ ಮುಖ ಮಾಡಿದ್ದರೆ ಎದುರು ಬಿಸಿಲಿಗೆ ಈಜುಗಾರರಿಗೆ ಬಾಯ್ ಕಾಣಿಸುವುದಿಲ್ಲ. ಗುರಿಯನ್ನು ಉತ್ತರಕ್ಕೋ ಪಶ್ಚಿಮಕ್ಕೋ ಇಡಿ.

ಈಜುವವರಿಗೆ ನಡುವೆ ಆಹಾರ, ಪಾನೀಯ ಕೊಡುವ ಆಹಾರ ಕಟ್ಟೆಯನ್ನು ತಿರುವಿಗೆ ತೀರ ಹತ್ತಿರ ಕಟ್ಟಬೇಡಿ. ಕೋಚ್‌ಗಳು ಉದ್ದನೆಯ ಕೋಲಿನ ತುದಿಗೆ ಲೋಟ ಸಿಕ್ಕಿಸಿ ಚಾಚುತ್ತಾರೆ, ಕೋಲಿನ ಉದ್ದ ಐದು ಮೀಟರ್ ಮೀರುವಂತಿಲ್ಲ. ಎಲ್ಲರೂ ಒಟ್ಟಿಗೆ ಒಂದೇ ಅಂಚಿಗೆ ಬಾಗುತ್ತಾರೆ. ಕಟ್ಟೆ ಅದಕ್ಕೆ ತಡೆಯುತ್ತದೆಯೇ ಎಂದು ಹಿಂದಿನ ದಿನ ಅಷ್ಟೇ ಜನರನ್ನು ನಿಲ್ಲಿಸಿ ನೋಡಿ.

ಏಳನೆಯದು: ಜೀವರಕ್ಷಣೆ

ಮೇಲಿನ ಎಲ್ಲದರಲ್ಲೂ ಹತ್ತು ಪೈಸೆ ಉಳಿಸಬಹುದು. ಇಲ್ಲಿ ಕೂಡದು.

2010ರ ಅಕ್ಟೋಬರ್ 23ರಂದು ಯುಎಇಯ ಫುಜೈರಾದಲ್ಲಿ ಹತ್ತು ಕಿಲೋಮೀಟರ್ ವಿಶ್ವಕಪ್ ಸ್ಪರ್ಧೆ ನಡೆಯುತ್ತಿದ್ದಾಗ ಅಮೆರಿಕದ ಫ್ರಾನ್ ಕ್ರಿಪ್ಪೆನ್ ತೀರಿಕೊಂಡರು. ವಯಸ್ಸು 26. ವಿಶ್ವ ಚಾಂಪಿಯನ್‌ಶಿಪ್ ಪದಕ ಗೆದ್ದಿದ್ದ ಈಜುಗಾರ. ನೀರು ಬೆಚ್ಚಗಿತ್ತು, ಬಿಸಿಲು ಚುರುಕಾಗಿತ್ತು. ಅವರು ಗುರಿ ಮುಟ್ಟಿಲ್ಲ ಎಂಬುದನ್ನು ಗಮನಿಸಿದ್ದು ಈಜು ಮುಗಿಸಿ ಬಂದಿದ್ದ ಜೊತೆಗಾರರು. ಆ ಸಾವಿನ ನಂತರ ನೀರಿನ ತಾಪಮಾನಕ್ಕೆ ಮೇಲ್ಮಿತಿ ಬಂತು. ಈಗಿನ ನಿಯಮದಂತೆ ನೀರು 16 ಡಿಗ್ರಿಗಿಂತ ಕೆಳಗಿರಬಾರದು, 31 ಮೀರಬಾರದು. ಸ್ಪರ್ಧೆಗೆ ಎರಡು ಗಂಟೆ ಮೊದಲು, ಪಥದ ಮಧ್ಯದಲ್ಲಿ, 40 ಸೆಂಟಿಮೀಟರ್ ಆಳದಲ್ಲಿ ಅಳೆಯಬೇಕು. ರೆಫರಿ, ಸಂಘಟಕರ ಪ್ರತಿನಿಧಿ, ತಂಡಗಳ ಪರವಾಗಿ ಒಬ್ಬ ಕೋಚ್, ಮೂವರೂ ಎದುರಿಗಿರಬೇಕು. ಸ್ಪರ್ಧೆ ನಡೆಯುವಾಗಲೂ ಸುರಕ್ಷತಾಧಿಕಾರಿ ಆಗಾಗ ಅಳೆಯುತ್ತಿರುತ್ತಾರೆ. ಹಿಂದಿನ ವರ್ಷವೇ ಅದೇ ತಿಂಗಳಲ್ಲಿ, ಅದೇ ಹೊತ್ತಿಗೆ ಅಳೆದ ಪಟ್ಟಿ ನಿಮ್ಮ ಬಳಿ ಇದ್ದರೆ ಆತಿಥ್ಯ ಕೇಳುವ ಬಿಡ್ ಪತ್ರಕ್ಕೆ ಅದೊಂದೇ ತೂಕ ತರುತ್ತದೆ.

ಎಣಿಕೆಯ ಪದ್ಧತಿಯನ್ನು ಮೊದಲು ಕಟ್ಟಿ. ನೀರಿಗಿಳಿದವರು ಎಷ್ಟು, ಪ್ರತಿ ತಿರುವು ದಾಟಿದವರು ಎಷ್ಟು, ಬಿಟ್ಟು ದೋಣಿ ಹತ್ತಿದವರು ಎಷ್ಟು, ಗುರಿ ಮುಟ್ಟಿದವರು ಎಷ್ಟು. ಈ ಲೆಕ್ಕ ಒಬ್ಬರ ಬಳಿ, ಒಂದೇ ಹಲಗೆಯ ಮೇಲೆ, ಸೀಮೆಸುಣ್ಣದಲ್ಲಾದರೂ ಸರಿ, ಕ್ಷಣಕ್ಷಣಕ್ಕೂ ಹೊಂದಬೇಕು. ಮಣಿಕಟ್ಟಿನ ಚಿಪ್ ಸಮಯ ಹೇಳುತ್ತದೆ, ಮುಳುಗುತ್ತಿರುವವನ ಬಗ್ಗೆ ಏನೂ ಹೇಳುವುದಿಲ್ಲ. ಒಬ್ಬರ ಲೆಕ್ಕ ತಪ್ಪಿದರೂ ಸ್ಪರ್ಧೆ ನಿಲ್ಲಿಸುವ ಅಧಿಕಾರ ಸುರಕ್ಷತಾಧಿಕಾರಿಗಿರಲಿ. ಅವರನ್ನು ಯಾವ ಗಣ್ಯರೂ ವೇದಿಕೆಗೆ ಕರೆಯಬಾರದು.

ಪಥವನ್ನು ವಿಭಾಗಗಳಾಗಿ ಸೀಳಿ, ಪ್ರತಿ ವಿಭಾಗಕ್ಕೂ ಕಯಾಕ್‌ನ ರಕ್ಷಕರು, ಒಂದು ವೇಗದ ದೋಣಿ, ದಡದಲ್ಲಿ ಎತ್ತಿಕೊಳ್ಳುವ ಜಾಗ ಗೊತ್ತುಮಾಡಿ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಧೈರ್ಯವಂತರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಈಜು ಬರುವುದು ಬೇರೆ, ಮುಳುಗುವವನನ್ನು ಮೇಲೆತ್ತುವುದು ಬೇರೆ. ಅವರಿಗೆ ಸಿಪಿಆರ್ ಮತ್ತು ರಕ್ಷಣಾ ತರಬೇತಿ ಕೊಡಿಸಿ, ಪ್ರಮಾಣಪತ್ರ ಪಡೆದವರನ್ನಷ್ಟೇ ದೋಣಿ ಹತ್ತಿಸಿ. ಅಗ್ನಿಶಾಮಕ ದಳ ಮತ್ತು ರಾಜ್ಯ ವಿಪತ್ತು ಸ್ಪಂದನಾ ಪಡೆಯ (ಎಸ್‌ಡಿಆರ್‌ಎಫ್) ಮುಳುಗು ತಜ್ಞರು ಬೆನ್ನಿಗಿರಲಿ.

ವೈದ್ಯಕೀಯ ಡೇರೆಯಲ್ಲಿ ಆಮ್ಲಜನಕ, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ, ಮೈ ತಣಿಸಲು ಐಸ್, ಬೆಚ್ಚಗಾಗಿಸಲು ಕಂಬಳಿ. ಹತ್ತಿರದ್ದು ಹಿರಿಯೂರಿನ ತಾಲ್ಲೂಕು ಆಸ್ಪತ್ರೆ, ದೊಡ್ಡದು ಚಿತ್ರದುರ್ಗದಲ್ಲಿ, ಅದಕ್ಕೂ ಮೇಲಿನ ಚಿಕಿತ್ಸೆಗೆ ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ಮೂರಕ್ಕೂ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಿ. ಆಂಬುಲೆನ್ಸ್‌ಗಳನ್ನು ಬಾಡಿಗೆಗೆ ತನ್ನಿ. ತಾಲ್ಲೂಕಿನ ಬಸುರಿಯರಿಗೆ, ಅಪಘಾತವಾದವರಿಗೆ ಇರುವ 108 ವಾಹನವನ್ನು ಕ್ರೀಡಾಕೂಟಕ್ಕೆ ನಿಲ್ಲಿಸಿಕೊಳ್ಳುವುದು ಅನ್ಯಾಯ.

ಎಂಟನೆಯದು: ತೀರ್ಪುಗಾರರು

ಮುಖ್ಯ ರೆಫರಿಗಳು ಮೇಲಿನಿಂದ ನೇಮಕಗೊಂಡು ಬರುತ್ತಾರೆ. ಕೋರ್ಸ್ ಅಧಿಕಾರಿ, ತಿರುವಿನ ತೀರ್ಪುಗಾರರು, ಆಹಾರ ಕಟ್ಟೆಯ ತೀರ್ಪುಗಾರರು, ಸಮಯಪಾಲಕರು, ದಾಖಲೆಗಾರರು ಇವರನ್ನು ನಾವು ಒದಗಿಸಬೇಕು. ದೈಹಿಕ ಶಿಕ್ಷಣ ಶಿಕ್ಷಕರು ಒಳ್ಳೆಯ ಆಯ್ಕೆ. ನಿಯಮಗಳಲ್ಲಿ ಕುತೂಹಲದವೂ ಇವೆ. ನೀರಿಗಿಳಿಯುವ ಮುಂಚೆ ಕೈಕಾಲುಗಳ ಉಗುರು ಕತ್ತರಿಸಿದೆಯೇ ಎಂದು ನೋಡಬೇಕು, ಒಡವೆ ಮತ್ತು ಗಡಿಯಾರ ತೆಗೆಸಬೇಕು. ಗುಂಪಿನಲ್ಲಿ ಈಜುವಾಗ ಪಕ್ಕದವರಿಗೆ ಗೀರುವುದನ್ನು ತಪ್ಪಿಸಲು ಈ ಎಚ್ಚರ. ನೆಲದ ಮೇಲೆ ನಿಂತರೆ ಅನರ್ಹತೆಯಿಲ್ಲ. ನಡೆದರೆ, ಜಿಗಿದರೆ ಉಂಟು. ಮೊದಲ ತಪ್ಪಿಗೆ ಹಳದಿ ಬಾವುಟ, ಎರಡನೆಯದಕ್ಕೆ ಕೆಂಪು. ಗೆದ್ದವರು ಗುರಿ ಮುಟ್ಟಿದ ನಂತರ ನಿಗದಿತ ಅವಧಿಯವರೆಗೆ ಮಾತ್ರ ಉಳಿದವರಿಗೆ ಅವಕಾಶ.

ಚಿಪ್ ಎರಡೂ ಮಣಿಕಟ್ಟಿಗೆ ಕಟ್ಟುತ್ತಾರೆ. ಗುರಿಯಲ್ಲಿ ನೀರಿನ ಮೇಲೆ ನಿಂತ ಹಲಗೆಯನ್ನು ಕೈಯಿಂದ ತಟ್ಟಬೇಕು. ಆ ಹಲಗೆಯ ಮೇಲೆ ವಿಡಿಯೊ ಕ್ಯಾಮೆರಾ ಕಡ್ಡಾಯವೆಂದೇ ತಿಳಿಯಿರಿ; ಎರಡು ಗಂಟೆ ಈಜಿ ಬಂದವರು ಕೈಬೆರಳಿನ ಅಂತರದಲ್ಲಿ ಗೆಲ್ಲುವ ಆಟವಿದು.

ಒಂಬತ್ತನೆಯದು: ಊಟ, ವಸತಿ, ಡೋಪಿಂಗ್ ಪರೀಕ್ಷೆ

ಒಳ್ಳೆಯ ಹೋಟೆಲುಗಳು ದಾವಣಗೆರೆಯಲ್ಲಿ ಹೆಚ್ಚು, ಆದರೆ ಅಲ್ಲಿಂದ ಬೆಳಗಿನ ಜಾವ ಎರಡು ಗಂಟೆ ಬಸ್ಸಿನಲ್ಲಿ ಕುಳಿತು ಬಂದವರು ಹೇಗೆ ಈಜಬೇಕು? ಈಜುಗಾರರನ್ನು ಹಿರಿಯೂರಿನಲ್ಲಿ, ಅಧಿಕಾರಿಗಳನ್ನು ಚಿತ್ರದುರ್ಗದಲ್ಲಿ ಇರಿಸಿ. ಕೋಣೆ ಸಾಲದಿದ್ದರೆ ಅಧಿಕಾರಿಗಳು ದೂರ ಹೋಗಲಿ.

ಅಡುಗೆ ಖಾರವಿಲ್ಲದೆ, ಎಣ್ಣೆ ಕಡಿಮೆಯಾಗಿ. ಅನ್ನ, ಪಾಸ್ತಾ, ಮೊಟ್ಟೆ, ಬಾಳೆಹಣ್ಣು, ಬೇಯಿಸಿದ ತರಕಾರಿ, ಮುಚ್ಚಳ ಒಡೆಯದ ಬಾಟಲಿ ನೀರು. ರಸ್ತೆ ಬದಿಯ ಕತ್ತರಿಸಿದ ಹಣ್ಣು, ಬಾಟಲಿ ನೀರಿನದಲ್ಲದ ಐಸ್ ಬೇಡವೇ ಬೇಡ. ದಾವಣಗೆರೆ ಬೆಣ್ಣೆ ದೋಸೆಯನ್ನು ವಿದೇಶಿಯರಿಗೆ ತಿನ್ನಿಸಲೇಬೇಕೆಂಬ ಆಸೆ ಸಮಿತಿಯ ಪ್ರತಿಯೊಬ್ಬರಿಗೂ ಇರುತ್ತದೆ, ನನಗೂ ಇದೆ. ಕೊನೆಯ ಸ್ಪರ್ಧೆ ಮುಗಿದ ಸಂಜೆ ತಿನ್ನಿಸಿ. ಮರುದಿನ ಕೋಟೆ ಹತ್ತಿಸಿ, ಒನಕೆ ಓಬವ್ವನ ಕಿಂಡಿ ತೋರಿಸಿ.

ಡೋಪಿಂಗ್ ಪರೀಕ್ಷೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ನಿಯಮದಂತೆ ನಡೆಯುತ್ತದೆ. ನೀವು ಒದಗಿಸಬೇಕಾದದ್ದು ಕಾಯುವ ಕೋಣೆ, ಮಾದರಿ ಮುದ್ರೆ ಹಾಕುವ ಕೋಣೆ, ಅದಕ್ಕೆ ಹೊಂದಿಕೊಂಡ ಶೌಚಾಲಯ, ಬೀಗ ಹಾಕುವ ಫ್ರಿಜ್. ಜಲಾಶಯದ ದಡದಲ್ಲಿ ಇವು ಇರುವುದಿಲ್ಲ, ತಾತ್ಕಾಲಿಕವಾಗಿ ಕಟ್ಟಬೇಕು.

ಹತ್ತನೆಯದು: ಹಣ

ಆತಿಥ್ಯದ ಕರಾರಿಗೆ ಸಹಿ ಹಾಕುವ ಮೊದಲು ವಕೀಲರೊಬ್ಬರಿಂದ ಓದಿಸಿ. ಆತಿಥ್ಯ ಶುಲ್ಕ ಎಷ್ಟು, ಬಹುಮಾನದ ಹಣ ಯಾರದು, ಎಷ್ಟು ಅಧಿಕಾರಿಗಳ ವಿಮಾನದ ಟಿಕೆಟ್ ನಿಮ್ಮ ತಲೆಗೆ, ನೇರಪ್ರಸಾರ ಯಾರ ಖರ್ಚು, ಸ್ಪರ್ಧೆ ರದ್ದಾದರೆ ನಷ್ಟ ಯಾರದು. ಬಹುಮಾನ ಡಾಲರ್‌ನಲ್ಲಿದ್ದರೆ ರೂಪಾಯಿ ಇಳಿದಾಗ ನಿಮ್ಮ ಲೆಕ್ಕವೂ ಕುಸಿಯುತ್ತದೆ. ಸಾರ್ವಜನಿಕ ಹೊಣೆಗಾರಿಕೆ ವಿಮೆ, ಈಜುಗಾರರ ಅಪಘಾತ ವಿಮೆ ಎರಡನ್ನೂ ಮಾಡಿಸಿ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಕೇಳುವಾಗ ಒಂದು ಸೂಕ್ಷ್ಮವಿದೆ. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವುದು ಗ್ರಾಮೀಣ ಹಾಗೂ ಒಲಿಂಪಿಕ್ ಕ್ರೀಡೆಗಳ ಉತ್ತೇಜನಕ್ಕೆ ತರಬೇತಿ. ಒಂದು ದಿನದ ಉತ್ಸವಕ್ಕೆ ಕೇಳಿದರೆ ಲೆಕ್ಕಪರಿಶೋಧಕರು ಹಿಂಜರಿಯುತ್ತಾರೆ. ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ಮಕ್ಕಳಿಗೆ ವರ್ಷವಿಡೀ ಈಜು ಮತ್ತು ಜೀವರಕ್ಷಣೆ ಶಿಬಿರ ಎಂದು ಯೋಜನೆ ಹಾಕಿ. ರಕ್ಷಕರೂ ಸಿದ್ಧವಾಗುತ್ತಾರೆ, ಕೃಷಿಹೊಂಡಗಳಿಗೆ ಬಿದ್ದು ಸಾಯುವ ಮಕ್ಕಳ ಸಂಖ್ಯೆಯೂ ಇಳಿದೀತು. ನನ್ನ ಕೇಳಿದರೆ ಕೂಟಕ್ಕಿಂತ ಇದೇ ದೊಡ್ಡ ಕೆಲಸ.

ಸ್ಪರ್ಧೆಯ ದಿನ

ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮುಂಚೆ. ಏಳೂವರೆಗೆ ಮೊದಲ ಸ್ಪರ್ಧೆ ಎಂದಿಟ್ಟುಕೊಳ್ಳಿ. ನಾಲ್ಕೂವರೆಗೆ ದೋಣಿಗಳು ಹೊರಟು ಬಾಯ್‌ಗಳ ಜಾಗ ನೋಡಬೇಕು, ಬಲೆ ಇಲ್ಲವೆಂದು ಮೀನುಗಾರರೇ ಸುತ್ತಿ ಬರಬೇಕು. ಐದೂವರೆಗೆ ತಾಪಮಾನ, ಆರಕ್ಕೆ ಅಭ್ಯಾಸ, ಆರೂವರೆಗೆ ಸಂಖ್ಯೆ ಬರೆಯುವುದು, ಚಿಪ್ ಕಟ್ಟುವುದು, ಉಗುರು ನೋಡುವುದು. ಏಳಕ್ಕೆ ಮಂಜು ಕವಿದಿದ್ದರೆ ಮೊದಲ ತಿರುವಿನ ಬಾಯ್ ದಡದಿಂದ ಕಾಣುವವರೆಗೆ ಕಾಯಿರಿ. ಪುರುಷರ, ಮಹಿಳೆಯರ ಸ್ಪರ್ಧೆಗಳು ಬೇರೆ ಬೇರೆ. ಹತ್ತು ಕಿಲೋಮೀಟರಿಗೆ ಮುಂಚೂಣಿಯವರಿಗೆ ಹೆಚ್ಚುಕಡಿಮೆ ಎರಡು ಗಂಟೆ, ಮೇಲೆ ಉಳಿದವರಿಗೆ ಕೊಡುವ ಅವಕಾಶ: ಹತ್ತೂವರೆಯೊಳಗೆ ನೀರು ಖಾಲಿಯಾಗಬೇಕು.

ಈ ಪಟ್ಟಿಯಲ್ಲಿ ಉದ್ಘಾಟನಾ ಭಾಷಣವಿಲ್ಲ ಎಂಬುದನ್ನು ಗಮನಿಸಿರಬಹುದು. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಪೇಟ, ಫಲತಾಂಬೂಲ ಎಲ್ಲವನ್ನೂ ಹಿಂದಿನ ಸಂಜೆ ಹಿರಿಯೂರಿನಲ್ಲಿ ಮುಗಿಸಿ. ಸಚಿವರ ಕಾರು ತಡವಾಯಿತೆಂದು ಈಜುಗಾರರನ್ನು ದಡದಲ್ಲಿ ನಡುಗಿಸಿ ನಿಲ್ಲಿಸಿದರೆ ಮೇಲಿನ ಸಂಸ್ಥೆ ಕಳುಹಿಸಿದ ತಾಂತ್ರಿಕ ಪ್ರತಿನಿಧಿ ವರದಿಯಲ್ಲಿ ಅದನ್ನೇ ಬರೆಯುತ್ತಾರೆ. ಸಚಿವರಿಗೆ ಪದಕ ಪ್ರದಾನಕ್ಕೆ ಹತ್ತೂಮುಕ್ಕಾಲಿನ ಸಮಯ ಕೊಡಿ. ಬಂದಿರುವ ಎಲ್ಲ ದೇಶಗಳ ಬಾವುಟ, ರಾಷ್ಟ್ರಗೀತೆಗಳನ್ನು ಆಯಾ ತಂಡದ ವ್ಯವಸ್ಥಾಪಕರಿಂದಲೇ ಮೊದಲು ಸರಿಯೆಂದು ಬರೆಸಿಕೊಳ್ಳಿ.

ಮುಗಿದ ಮೇಲೆ

ಅಂದು ಮಧ್ಯಾಹ್ನವೇ ಬಾಯ್, ಹಗ್ಗ, ಲಂಗರು ಎಲ್ಲವನ್ನೂ ಎಣಿಸಿ ಮೇಲೆತ್ತಿ. ನೀರಿನಡಿ ಬಿಟ್ಟ ಹಗ್ಗ ಮರುದಿನ ಮೀನುಗಾರರ ಬಲೆ ಹರಿಯುತ್ತದೆ. ದಡದ ಪ್ಲಾಸ್ಟಿಕ್ ಹೆಕ್ಕಿಸಿ, ನೀರಿನ ಮಾದರಿಯನ್ನು ಇನ್ನೊಮ್ಮೆ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ನಿಗಮಕ್ಕೂ ಪಂಚಾಯಿತಿಗೂ ಕೊಡಿ. ಮೀನುಗಾರರ, ಸ್ವಯಂಸೇವಕರ, ಅಡುಗೆಯವರ ಬಾಕಿಯನ್ನು ಪ್ರಾಯೋಜಕರ ಕಂತು ಬರುವ ಮೊದಲೇ ತೀರಿಸಲು ಒಂದಿಷ್ಟು ಹಣ ಎತ್ತಿಟ್ಟಿರಿ. ಗಾಯ, ಅಸ್ವಸ್ಥತೆ, ದೂರು ಒಂದನ್ನೂ ಬಿಡದೆ ಸೇರಿಸಿದ ವರದಿ ಫೆಡರೇಷನ್ನಿಗೆ ಹೋಗಲಿ. ಕಾರ್ನೆಟ್ ಮೇಲೆ ಬಂದ ಯಂತ್ರಗಳು ಗಡುವಿನೊಳಗೆ ದೇಶ ಬಿಡಬೇಕು, ಹೊರಹೋಗುವಾಗ ಕಸ್ಟಮ್ಸ್ ಮುದ್ರೆ ಬಿದ್ದಿದೆಯೇ ಎಂದು ವಿಮಾನ ನಿಲ್ದಾಣದಲ್ಲೇ ನಿಂತು ನೋಡಿಕೊಳ್ಳಿ, ಇಲ್ಲದಿದ್ದರೆ ಸುಂಕದ ನೋಟಿಸು ತಿಂಗಳುಗಳ ಮೇಲೆ ಬರುತ್ತದೆ.